ಹೆಗಲು ನೋವಿಗೊಂದು ಮೀನು

ನನ್ನ ಎದುರು ಬಾಗಿಲಿನವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಆದ್ದರಿಂದ ಇಡೀ ಬೀದಿ ಅವನನ್ನು ಕನ್ನಡಕ ಎಂದೇ ಕರೆಯುತ್ತದೆ. ಅವನ ಮೂಗಿನ ಮೇಲೆ ಕನ್ನಡಕ ಇಲ್ಲ ಎಂಬುದು ಬೇರೆ ಮಾತು. ಗಾಜು ಕೂರಿಸುವುದರಲ್ಲಿ, ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವುದರಲ್ಲಿ ಅವನದು ಎತ್ತಿದ ಕೈ. ಆದರೆ ಅಂಗಡಿಯ ಹೊಸಿಲು ದಾಟಿದ ಮೇಲೆ ಅವನು ಕೈಹಾಕಿದ ಯಾವ ಕೆಲಸವೂ ದಡ ಮುಟ್ಟಿದ್ದನ್ನು ನಾನು ಕಂಡಿಲ್ಲ. ಆರಂಭಶೂರರ ಸಂಘ ಎಂದೊಂದು ಇದ್ದಿದ್ದರೆ ಅದಕ್ಕೆ ಅವನೇ ಅಧ್ಯಕ್ಷ. ಇಲ್ಲದಿರುವುದಕ್ಕೆ ಕಾರಣ, ಅದನ್ನು ಕಟ್ಟಲು ಹೊರಟವನೂ ಅವನೇ ಇರಬೇಕು.

ಅವನ ಮನೆಯಲ್ಲಿ ಮೂರು ಕಾಲಿನ ಸ್ಟೂಲೊಂದಿದೆ. ನಿಜವಾಗಿ ಅದು ನಾಲ್ಕು ಕಾಲಿನದೇ. ನಾಲ್ಕನೆಯದು 'ಮುಂದಿನ ವಾರ' ಬರಲಿದೆ. ಅವನು ಹೆಣೆದ ಸ್ವೆಟರಿಗೆ ಒಂದೇ ತೋಳು. ಕೊಳಲು ಕಲಿಯಲು ಹೋಗಿ ಸ, ರಿ, ಗ ತನಕ ಬಂದವನು 'ಮ' ಎಲ್ಲಿದೆಯೆಂದು ಇನ್ನೂ ಹುಡುಕುತ್ತಿದ್ದಾನೆ. ಇದನ್ನೆಲ್ಲ ನೋಡಿ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಅವನಿಗೆ 'ಅರ್ಧಂಬರ್ಧ' ಎಂದು ಹೆಸರಿಟ್ಟಿದ್ದ. ಷಡ್ಡಕರು ಇರುವುದೇ ಇಂಥದ್ದಕ್ಕೆ.

ಕಥೆ ಶುರುವಾದದ್ದು ಈ ಷಡ್ಡಕನ ಒಂದು ಫೋಟೋದಿಂದ. ಒಂದು ಭಾನುವಾರ ಅಕ್ಕ-ಭಾವ ಊಟಕ್ಕೆ ಬಂದಿದ್ದರು. ಎದುರು ಮನೆಯವನೆಂಬ ಹಕ್ಕಿನಿಂದ ನಾನೂ ತಟ್ಟೆಯ ಮುಂದೆ ಕೂತಿದ್ದೆ. ಷಡ್ಡಕ ಮೊಬೈಲು ತೆಗೆದು, ತಾನು ತೋಳುದ್ದದ ಮೀನು ಎತ್ತಿ ಹಿಡಿದ ಚಿತ್ರವನ್ನು ಎಲ್ಲರ ಮುಖದ ಮುಂದೂ ಹಿಡಿದ.

"ಬೆಳಗಿಂದ ಸಾಯಂಕಾಲದವರೆಗೂ ಕದಲದೆ ಕೂತಿದ್ದೆ. ಇದಕ್ಕೆಲ್ಲ ಹಿಡಿದ ಪಟ್ಟು ಬಿಡದವರು ಬೇಕು. ನಮ್ಮ ಅರ್ಧಂಬರ್ಧನ ಕೈಲಿ ಆಗೋ ಮಾತಲ್ಲ," ಎಂದ.

ಕನ್ನಡಕ ಸುಮ್ಮನಿದ್ದಿದ್ದರೆ ಊಟ ಮುಗಿದು ಎಲ್ಲರೂ ಅವರವರ ಮನೆ ಸೇರುತ್ತಿದ್ದರು. ಆದರೆ ಆ ವಾರವಷ್ಟೇ ಅಂಗಡಿಗೆ ಒಬ್ಬ ಹಿರಿಯರು ಬಂದು, ತೀರಾ ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕೆಂದು ಕೇಳಿ, ಎಂಥ ಕೆಲಸವೆಂದಾಗ ಜೇಬಿನಿಂದ ಪುಟ್ಟ ಡಬ್ಬಿ ತೆಗೆದಿದ್ದರು. ಒಳಗೆ ಪುಕ್ಕ, ಕೂದಲು, ದಾರ ಸುತ್ತಿ ಮಾಡಿದ ಹುಸಿ ನೊಣಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಗಾಳ. ಬಳುಕುವ ಕೋಲಿನಿಂದ ಉದ್ದನೆಯ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನೊಣವನ್ನು ನಿಜವಾದ ನೊಣ ಬಂದು ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಮೀನು ಮೋಸ ಹೋಗಿ ಬಾಯಿ ಹಾಕುತ್ತದೆ. ಕನ್ನಡಕನ ಇಡೀ ವಿದ್ಯೆ ಇಷ್ಟೇ, ಅದೂ ಕೇಳಿದ್ದು.

"ಹುಳ ಸಿಕ್ಕಿಸಿ, ಕುರ್ಚಿ ಹಾಕ್ಕೊಂಡು ಕೂತ್ರೆ, ಮೀನೇ ಬೇಜಾರಾಗಿ ಬಂದು ಕಚ್ಚುತ್ತೆ ಭಾವ," ಎಂದ. "ಅದು ಹಿಡಿಯೋದಲ್ಲ, ಕಾಯೋದು. ನಾನೀಗ ನೊಣದಲ್ಲಿ ಹಿಡೀತಿದೀನಿ."

"ನೊಣದಲ್ಲಾ?"

"ಹುಸಿ ನೊಣ. ಕೈಯಾರೆ ಕಟ್ಟಬೇಕು."

"ಇಲ್ಲೀತನಕ ಎಷ್ಟು ಹಿಡಿದಿದೀಯಪ್ಪಾ?"

"ನಾವು ಹಿಡಿದು ಮತ್ತೆ ನೀರಿಗೇ ಬಿಟ್ಟುಬಿಡ್ತೀವಿ. ಲೆಕ್ಕ ಇಡೋ ಪದ್ಧತಿ ನಮ್ಮಲ್ಲಿಲ್ಲ."

'ನಾವು', 'ನಮ್ಮಲ್ಲಿ' ಎಂಬ ಮಾತು ಕೇಳಿ ನನಗೆ ತುತ್ತು ನೆತ್ತಿಗೇರಿತು. ಷಡ್ಡಕ ನಿಧಾನವಾಗಿ ಮೊಬೈಲು ಜೇಬಿಗೆ ಹಾಕಿಕೊಂಡ. "ಸರಿ. ಮಳೆಗಾಲ ಕಳೆದ ಮೇಲೆ ಬರ್ತೀವಿ. ಊರಾಚೆ ಕೆರೆಗೆ ಹೋಗೋಣ. ನಮ್ಮ ಕಣ್ಣೆದುರು ಒಂದೇ ಒಂದು ಮೀನು ಹಿಡಿದು ತೋರಿಸು. ಆಗದಿದ್ರೆ ಅರ್ಧಂಬರ್ಧ ಅಂತ ಬೋರ್ಡು ಬರೆಸಿ ನಿನ್ನ ಬಾಗಿಲಿಗೆ ನಾನೇ ಮೊಳೆ ಹೊಡೀತೀನಿ."

ಅಷ್ಟು ವರ್ಷ ಅಕ್ಕನ ಮುಂದೆ ತಲೆ ತಗ್ಗಿಸಿ ಬಡಿಸುತ್ತಿದ್ದ ಅವನ ಹೆಂಡತಿ, ಕೈಯಲ್ಲಿದ್ದ ಪಾತ್ರೆಯನ್ನು ಠಣ್ಣೆಂದು ಕೆಳಗಿಟ್ಟಳು. "ತೋರಿಸ್ತಾರೆ ಭಾವ. ಬನ್ನಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನೆಂಟರನ್ನು ಕಳಿಸಿ ಬಂದ ಮೇಲೆ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ನೀವು ಕೊಚ್ಚಿಕೊಂಡಿದ್ದು ನನಗೆ ಗೊತ್ತು ರೀ. ಆದ್ರೆ ಅಕ್ಕನ ಮುಂದೆ ನಾನು ಮಾತು ಕೊಟ್ಟುಬಿಟ್ಟೆ. ಇದೊಂದನ್ನ ಪೂರ್ತಿ ಮಾಡಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕನ್ನಡಕ ಹೇಗೋ ಜಾರಿಕೊಳ್ಳುತ್ತಿದ್ದ.

ಮಾರನೆಯ ದಿನವೇ ಅವನು ಆ ಹಿರಿಯರ ಮನೆ ಹುಡುಕಿಕೊಂಡು ಹೋಗಿ, ಅವರ ಹಳೆಯ ಕೋಲೊಂದನ್ನೂ ಮೂರು ಮಾತುಗಳನ್ನೂ ಇಸಿದುಕೊಂಡು ಬಂದ. ಮೊಣಕೈ ಪಕ್ಕೆಗೆ ಅಂಟಿರಬೇಕು. ಕೋಲು ಹಿಂದಕ್ಕೆ ಹೋದ ಮೇಲೆ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೂ ತಡೆಯಬೇಕು. ಆಮೇಲೆ ಮುಂದಕ್ಕೆ. ಈ ಮಧ್ಯದ ಮಾತೇ ಅವನ ಪ್ರಾಣಕ್ಕೆ ಬಂತು. ಹುಟ್ಟಿದಾಗಿನಿಂದ ಯಾವುದಕ್ಕೂ ತಡೆದವನಲ್ಲ ಅವನು.

ಮೊದಲ ಅಭ್ಯಾಸ ನಮ್ಮಿಬ್ಬರ ಬಾಗಿಲುಗಳ ನಡುವಿನ ಓಣಿಯಲ್ಲಿ ನಡೆದು, ದೀಪದ ಬಲ್ಬು ಒಡೆಯುವುದರೊಂದಿಗೆ ಮುಕ್ತಾಯವಾಯಿತು. ಎರಡನೆಯದು ತಾರಸಿಯ ಮೇಲೆ. ಗಾಳದ ಬದಲು ದಾರದ ತುದಿಗೆ ಕೆಂಪು ಉಣ್ಣೆಯ ತುಣುಕು ಕಟ್ಟಿಕೊಂಡು, ಸೂರ್ಯ ಏಳುವ ಹೊತ್ತಿಗೆ ಅವನು ಮೇಲೆ ಹತ್ತಿದ. ದಿಂಬು ಒಣಹಾಕುವ ನೆಪದಲ್ಲಿ ನಾನೂ ಹೋದೆ. ಇಂಥ ಬಿಟ್ಟಿ ಮನರಂಜನೆ ಬಿಡುವವನು ನಾನಲ್ಲ.

ನಾವಿಬ್ಬರೂ ಬಾಡಿಗೆಗಿರುವ ಈ ಕಟ್ಟಡದ ತಾರಸಿಯ ಬೀಗದ ಕೈ ಇರುವುದು ಮನೆ ಮಾಲೀಕಮ್ಮನ ಸೊಂಟದಲ್ಲಿ; ಬೆಳಗ್ಗೆ ಬಾಗಿಲು ತೆರೆದಿಡುವವರೂ ಅವರೇ. ತಾರಸಿ ಇರುವುದು ಬಟ್ಟೆ ಒಣಗಿಸುವುದಕ್ಕೆ ಮತ್ತು ಆರೋಗ್ಯಕ್ಕಾಗಿ ಗಾಳಿ ಕುಡಿಯುವುದಕ್ಕೆ. ಮೂರನೆಯ ಕೆಲಸಕ್ಕೆ ಹತ್ತಿದವರು ಮನೆ ಖಾಲಿ ಮಾಡಬೇಕು. ಕನ್ನಡಕ ಹಿಂದಕ್ಕೆ ಬೀಸಿದ, ತಡೆಯಲಿಲ್ಲ, ಮುಂದಕ್ಕೆ ಬೀಸಿದ. ದಾರ ಅವನ ಕಿವಿ ಸುತ್ತಿ, ಹಗ್ಗದ ಮೇಲಿದ್ದ ಮಾಲೀಕಮ್ಮನ ಹೊದಿಕೆಯನ್ನು ಅಪ್ಪಿಕೊಂಡು ನೆಲಕ್ಕೆ ಬಿತ್ತು. ಅದೇ ಗಳಿಗೆಗೆ ಮೆಟ್ಟಿಲಿನಿಂದ ಮಾಲೀಕಮ್ಮ ಮೇಲೆ ಬಂದರು.

"ಏನ್ರೀ ಇದು?"

ಕೋಲು ಎತ್ತಿ ಹಿಡಿದ ಕೈ ಹಾಗೇ ಇತ್ತು. ಮೀನು ಎಂದರೆ ಮನೆ ಹೋಗುತ್ತದೆ. ಜೊತೆಗೆ, ಅರ್ಧಕ್ಕೆ ಬಿಟ್ಟರೆ ಇಡೀ ಬೀದಿ ನಗುತ್ತದೆ.

"ಹೆಗಲು ನೋವು ಅಮ್ಮಾ," ಎಂದ ಕನ್ನಡಕ. "ಡಾಕ್ಟರು ಹೇಳಿದ ವ್ಯಾಯಾಮ."

"ದಾರ ಯಾಕೆ?"

"ದಾರ ನೆಟ್ಟಗೆ ಹೋದ್ರೆ ಹೆಗಲು ನೆಟ್ಟಗಿದೆ ಅಂತ."

ಮಾಲೀಕಮ್ಮ ಹೊದಿಕೆಯನ್ನೂ ದಾರವನ್ನೂ ಅವನ ಮುಖವನ್ನೂ ನೋಡಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಕನ್ನಡಕನಿಗೆ ಆ ದೊಣ್ಣೆ ತಪ್ಪಿತು, ಆದರೆ ಅದಕ್ಕಿಂತ ದೊಡ್ಡದು ಬಂದು ಬಡಿಯಿತು. ಮಾಲೀಕಮ್ಮ ದನಿ ಇಳಿಸಿ, "ನನಗೂ ಬಲಗಡೆ ಹೆಗಲು ಕಣ್ರೀ. ಬಾಚಣಿಗೆ ತಲೆ ತನಕ ಹೋಗಲ್ಲ. ನಾಳೆಯಿಂದ ನನಗೂ ಹೇಳಿಕೊಡಿ," ಎಂದರು.

ಮಾರನೆಯ ಬೆಳಗ್ಗೆ ಅವರು ತೀರಿಹೋದ ಯಜಮಾನರ ಊರುಗೋಲಿಗೆ ದಾರ ಕಟ್ಟಿಕೊಂಡು, ದಾರದ ತುದಿಗೆ ಹಸಿರು ಉಣ್ಣೆ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ಗುರು ಇನ್ನೂ ಹಾಸಿಗೆಯಲ್ಲಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡಕನ ಹವ್ಯಾಸಗಳಿಗೆಲ್ಲ ಎರಡನೆಯ ವಾರದಲ್ಲಿ ಜ್ವರ ಬರುತ್ತದೆ, ಮೂರನೆಯ ವಾರ ಕಣ್ಣು ಮುಚ್ಚುತ್ತವೆ. ಇದೂ ಹಾಗೇ ಆಗಬೇಕಿತ್ತು. ಎರಡನೆಯ ವಾರ ಅವನು ನನ್ನ ಬಳಿ ಬಂದು, "ನೊಣದ ವಿದ್ಯೆ ನಮ್ಮ ಹವೆಗೆ ಒಗ್ಗಲ್ಲ ಅನ್ಸುತ್ತೆ," ಎಂದು ಪೀಠಿಕೆ ಹಾಕಿದ. ಆದರೆ ಕೊಳಲಿಗೆ, ಸ್ಟೂಲಿಗೆ ಇಲ್ಲದ ಒಂದು ಸೌಲಭ್ಯ ಇದಕ್ಕಿತ್ತು. ಸೂರ್ಯ ಹುಟ್ಟುವ ಮೊದಲೇ ಮಾಲೀಕಮ್ಮ ಬಾಗಿಲು ಬಡಿಯುತ್ತಿದ್ದರು: "ಮೇಷ್ಟ್ರೇ! ಏಳಿ! ಹೆಗಲು ಕಾಯ್ತಿದೆ!" ಮನೆ ಮಾಲೀಕರೇ ಶಿಷ್ಯರಾದ ಮೇಲೆ ಗುರು ರಜೆ ಹಾಕುವ ಹಾಗಿಲ್ಲ.

ಅವರಿಗೆ ಕಲಿಸಬೇಕಾದ್ದರಿಂದ ತಾನು ಕಲಿಯಬೇಕಾಯಿತು. "ಮೊಣಕೈ ಪಕ್ಕೆಗೆ! ಹಿಂದಕ್ಕೆ! ತಡೀ... ಈಗ ಮುಂದಕ್ಕೆ!" ಎಂದು ದಿನವೂ ಕೂಗಿ ಕೂಗಿ, ಒಂದು ದಿನ ತನ್ನ ಮಾತನ್ನು ತಾನೇ ಕೇಳಿಸಿಕೊಂಡು ತಡೆದ. ದಾರ ಬೆನ್ನ ಹಿಂದೆ ನೀಟಾಗಿ ಬಿಚ್ಚಿಕೊಂಡು, ತಲೆಯ ಮೇಲಿಂದ ಸುಯ್ಯನೆ ಹೋಗಿ, ತಾರಸಿಯ ಆ ತುದಿಯಲ್ಲಿಟ್ಟಿದ್ದ ಬಕೆಟ್ಟಿನೊಳಗೆ ಉಣ್ಣೆಯನ್ನು ಇಳಿಸಿತು. ಕನ್ನಡಕ ಬಾಯಿ ತೆರೆದು ನಿಂತ. ಅವನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ನನಗೂ ಯಾಕೋ ದಿಂಬು ಬಿಟ್ಟು ಚಪ್ಪಾಳೆ ತಟ್ಟಬೇಕೆನಿಸಿತು, ತಟ್ಟಿದೆ.

ಅಷ್ಟರಲ್ಲಿ ಮಾಲೀಕಮ್ಮನ ಬಾಚಣಿಗೆ ಕಿವಿಯವರೆಗೆ ಏರಿತ್ತು. ಅವರು ಈ ಸುದ್ದಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಪೈಕಿಯವರಲ್ಲ. ಮೊದಲು ದರ್ಜಿ ತನ್ನ ಅಳತೆಗೋಲಿಗೆ ದಾರ ಕಟ್ಟಿಕೊಂಡು ಬಂದ. ಕತ್ತರಿ ಹಿಡಿದು ಅವನ ಹೆಗಲು ಮರದ ಹಾಗಾಗಿತ್ತು. ಅವನ ಹಿಂದೆ ಬೇಕರಿಯವನು, ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಮರದ ಸಟ್ಟುಗದೊಂದಿಗೆ. ಆಮೇಲೆ ಅವರ ಹೆಂಡಿರು, ಅವರ ನೆರೆಯವರು. ತಾರಸಿ ತುಂಬಿತು. ಬಕೆಟ್ಟಿನ ಸಾಲು, ಚೊಂಬಿನ ಸಾಲು, ಸೋಪಿನ ಡಬ್ಬಿಯ ಸಾಲು ಎಂದು ತರಗತಿಗಳಾದವು. ಬಕೆಟ್ಟಿನಲ್ಲಿ ಗುರಿ ತಪ್ಪದವರಿಗೆ ಚೊಂಬಿಗೆ ಬಡ್ತಿ. ಸೋಪಿನ ಡಬ್ಬಿಗೆ ಉಣ್ಣೆ ಇಳಿಸಬಲ್ಲವರು ಮೇಷ್ಟ್ರು ಮತ್ತು ಮಾಲೀಕಮ್ಮ ಇಬ್ಬರೇ.

"ಗುಟ್ಟೆಲ್ಲ ಆ ತಡೆಯೋದರಲ್ಲೇ ಇರೋದು," ಎಂದು ಮಾಲೀಕಮ್ಮ ಹೊಸಬರಿಗೆ ಉಪದೇಶಿಸುತ್ತಿದ್ದರು. "ತಾಳಿದವನು ಬಾಳಿಯಾನು ಅಂತ ಸುಮ್ಮನೆ ಅಂದ್ರಾ? ಆ ತಡೆದ ಹೊತ್ತಲ್ಲೇ ನೋವು ಇಳಿಯೋದು."

ಇಡೀ ಬೀದಿಯ ಹೆಗಲು ಸರಿಹೋಗುತ್ತಿದ್ದಾಗ, ದಿನವೂ ಎಲ್ಲರಿಗಿಂತ ಹೆಚ್ಚು ಬೀಸುತ್ತಿದ್ದ ಕನ್ನಡಕನಿಗೆ ಮಾತ್ರ ನಿಜವಾಗಿ ಹೆಗಲು ನೋವು ಶುರುವಾಯಿತು. ಹೇಳಿಕೊಳ್ಳುವಂತಿಲ್ಲ. ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ.

ಹಗಲು ಹೊತ್ತು ಅಂಗಡಿಯಲ್ಲಿ, ಗಿರಾಕಿ ಇಲ್ಲದಾಗ, ಚಿಮಟ ಹಿಡಿದು ನೊಣ ಕಟ್ಟುತ್ತಿದ್ದ. ಪುಕ್ಕ ನನ್ನ ದಿಂಬಿನದು, ಕೂದಲು ಹೆಂಡತಿಯ ಬಾಚಣಿಗೆಯದು. ಮೊದಮೊದಲ ನೊಣಗಳು ಜಿರಳೆಯಂತಿದ್ದವು, ನಂತರದವು ಜೇನಿನಂತೆ, ಕೊನೆಗೊಂದು ದಿನ ನಿಜವಾದ ನೊಣದಂತೆಯೇ ಆಗಿ ಅಂಗಡಿಯ ಯಜಮಾನ ಅದನ್ನು ಪೇಪರು ಸುರುಳಿ ಮಾಡಿ ಹೊಡೆದ. ಕನ್ನಡಕ ಅದನ್ನು ಬಿರುದೆಂದೇ ತಿಳಿದ. ನಡುವೆ ಗಿರಾಕಿಯೊಬ್ಬರು ಹಿಂದಿರುಗಿ ಬಂದು, "ಹೊಸ ಕನ್ನಡಕದಲ್ಲಿ ಎಲ್ಲಿ ನೋಡಿದ್ರೂ ಒಂದು ಹಕ್ಕಿ ಕಾಣುತ್ತೆ," ಎಂದು ದೂರಿದರಂತೆ. ಗಾಜಿನ ಅಂಚಿಗೆ ನನ್ನ ದಿಂಬಿನ ಪುಕ್ಕ ಅಂಟಿತ್ತು.

ಇಷ್ಟು ಜನ ಕೋಲು ಹಿಡಿದು ಮೇಲೆ ಹತ್ತಿದರೆ ಸರ್ಕಾರ ಸುಮ್ಮನಿರುತ್ತದೆಯೇ? 'ತಾರಸಿಯ ಮೇಲೆ ದಿನವೂ ಗಲಭೆಯ ತಾಲೀಮು ನಡೆದಿದೆ' ಎಂದು ಯಾರೋ ದೂರು ಕೊಟ್ಟಿದ್ದರು. ಹೆಗಲಿನ ವಿಷಯವೆಂದು ಅದು ಆರೋಗ್ಯ ಇಲಾಖೆಗೆ ಹೋಗಿ, ಒಂದು ಬೆಳಗ್ಗೆ ಆರೋಗ್ಯಾಧಿಕಾರಿಗಳು ಟೋಪಿ ಹಾಕಿಕೊಂಡು ಬಂದರು.

"ಇದಕ್ಕೆಲ್ಲ ಅನುಮತಿ ತಗೊಂಡಿದೀರಾ?"

"ನಮ್ಮ ಹೆಗಲು ನಾವು ಎತ್ತೋಕೆ ನಿಮ್ಮ ಅನುಮತಿ ಬೇಕಾ?" ಎಂದರು ಮಾಲೀಕಮ್ಮ.

"ಇಲ್ಲಿ ಜವಾಬ್ದಾರರು ಯಾರು? ಮೊದಲು ಅದನ್ನ ಹೇಳಿ!" ಎಂದು ಅಧಿಕಾರಿಗಳು ಆವೇಶದಿಂದ ಕೈ ಎತ್ತಿದರು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. "ಅಯ್ಯಯ್ಯೋ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಷ್ಟು ದಿನದಿಂದ?" ಎಂದು ದರ್ಜಿ ಮರುಕದಿಂದ ಕೇಳಿದ.

"ರುಜು ಹಾಕೀ ಹಾಕೀ..." ಎಂದರು ಅಧಿಕಾರಿಗಳು, ಚಿಕ್ಕ ದನಿಯಲ್ಲಿ. ಅವರನ್ನು ಬಕೆಟ್ಟಿನ ಸಾಲಿನಲ್ಲಿ ನಿಲ್ಲಿಸಿ, ಕೈಗೆ ಒಂದು ಕೊಡೆ ಕೊಡಲಾಯಿತು.

ಮಳೆಗಾಲ ಕಳೆಯಿತು. ಷಡ್ಡಕನಿಂದ ಫೋನು ಬಂತು: ಈ ಭಾನುವಾರ ಬೆಳಗ್ಗೆ, ಕೆರೆಯ ಹತ್ತಿರ. ಶನಿವಾರ ತರಗತಿ ಮುಗಿಯುವಾಗ ಮಾಲೀಕಮ್ಮ, "ನಾಳೆ ಎಂದಿನ ಹೊತ್ತಿಗೇ ತಾನೇ ಮೇಷ್ಟ್ರೇ?" ಎಂದರು. ಕನ್ನಡಕ ತಡೆದು ಉತ್ತರ ಕೊಡಬಹುದಿತ್ತು. ತಡೆಯಲಿಲ್ಲ. "ನಾಳೆ ನಾನು ಕೆರೆ ಹತ್ರ ಇರ್ತೀನಿ ಅಮ್ಮಾ," ಎಂದುಬಿಟ್ಟ.

ಮಾಲೀಕಮ್ಮ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಸಾರಿದರು: "ನಾಳೆ ತರಗತಿ ಕೆರೆ ದಂಡೆ ಮೇಲೆ! ಒಳ್ಳೆ ಗಾಳಿ! ಎಲ್ಲರೂ ಕೋಲು ತನ್ನಿ!"

ಭಾನುವಾರ ನಾವು ಕೆರೆ ತಲುಪಿದಾಗ ಷಡ್ಡಕ ಮಡಿಸುವ ಕುರ್ಚಿ ಹಾಕಿ ಹುಳದ ಡಬ್ಬಿ ತೆರೆದು ಕೂತಿದ್ದ. ಅಕ್ಕ ಕೊಡೆ ಹಿಡಿದಿದ್ದಳು. ಕನ್ನಡಕನ ಹೆಂಡತಿ ಚಹಾದ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಒಂದು ಬದಿಗೆ ನಿಂತಳು. ಅವಳು ರಾತ್ರಿ ನಿದ್ದೆ ಮಾಡಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಇನ್ನೇನು ಶುರುವಾಗಬೇಕು, ದಂಡೆಯ ಮೇಲೆ ಊರುಗೋಲು, ಅಳತೆಗೋಲು, ಬೇಕರಿಯ ಸಟ್ಟುಗ, ಕೊಡೆಗಳ ಮೆರವಣಿಗೆ ಕಾಣಿಸಿತು. ಒಂದೊಂದರ ತುದಿಯಲ್ಲೂ ಬಣ್ಣಬಣ್ಣದ ಉಣ್ಣೆ.

"ಯಾರಿವರೆಲ್ಲ?" ಎಂದ ಷಡ್ಡಕ, ಕುರ್ಚಿಯಿಂದ ಅರ್ಧ ಎದ್ದು.

"ನಾವು ಹೆಗಲಿನವರು," ಎಂದರು ಮಾಲೀಕಮ್ಮ ಗಂಭೀರವಾಗಿ. "ನಿಮಗೆ ಯಾವ ಕಡೆದು?"

ಕನ್ನಡಕನ ಮುಖ ಬಿಳಿಚಿತು. ಮುಂದೆ ಷಡ್ಡಕ, ಹಿಂದೆ ಶಿಷ್ಯರು. ಓಡಿಹೋಗಲು ಉಳಿದದ್ದು ಕೆರೆಯೊಂದೇ. ಉಣ್ಣೆ ಬಿಚ್ಚಿ, ದಾರದ ತುದಿಗೆ ನೊಣ ಕಟ್ಟಿದ. ಬೀಸಿದ. ತಾರಸಿಯಲ್ಲಿ ಸೋಪಿನ ಡಬ್ಬಿಗೆ ಇಳಿಸುತ್ತಿದ್ದ ಕೈ ಅದೇ, ಕೋಲು ಅದೇ. ಆದರೆ ತಡೆಯುವುದನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದ. ನೊಣ ಹಿಂದಿದ್ದ ಪೊದೆಗೆ ಸಿಕ್ಕಿತು. ಬಿಡಿಸಿ ಮತ್ತೆ ಬೀಸಿದ. ಆರೋಗ್ಯಾಧಿಕಾರಿಗಳ ಸರ್ಕಾರಿ ಟೋಪಿ ಹಾರಿ ಕೆರೆಗೆ ಬಿತ್ತು.

"ಮೊದಲ ಮೀನು! ಸರ್ಕಾರಿ ಮೀನು!" ಎಂದು ಷಡ್ಡಕ ತೊಡೆ ತಟ್ಟಿಕೊಂಡು ನಕ್ಕ. "ಬೋರ್ಡು ಕಾರಿನಲ್ಲೇ ಇದೆ ಕಣೋ ಅರ್ಧಂಬರ್ಧ. ಮೊಳೆ ಸಮೇತ ತಂದಿದೀನಿ."

ಶಿಷ್ಯರಿಗೆ ಏನೂ ಅರ್ಥವಾಗದಿದ್ದರೂ ಒಂದು ಮಾತ್ರ ಅರ್ಥವಾಯಿತು. "ಮೇಷ್ಟ್ರು ತಡೀತಿಲ್ಲ," ಎಂದು ದರ್ಜಿ ಪಿಸುಗುಟ್ಟಿದ.

ಕನ್ನಡಕ ಹೆಂಡತಿಯ ಕಡೆ ನೋಡಿದ. ನೋಡಲಾಗದೆ ದಾರ ಸುತ್ತತೊಡಗಿದ. "ಇವತ್ತು ಗಾಳಿ ಸರಿಯಿಲ್ಲ. ಮುಂದಿನ ವಾರ..."

'ಮುಂದಿನ ವಾರ' ಎಂಬುದು ಬಾಯಿಂದ ಬಿದ್ದದ್ದೇ ತಡ, ಮಾಲೀಕಮ್ಮನ ದನಿ ಕೆರೆಯ ಆಚೆ ದಡಕ್ಕೆ ಮುಟ್ಟುವಂತೆ ಗುಡುಗಿತು: "ಮೇಷ್ಟ್ರೇ! ಮೊಣಕೈ ಪಕ್ಕೆಗೆ! ಹಿಂದಕ್ಕೆ!"

ಅದು ಅವನದೇ ಆಜ್ಞೆ, ಅವನದೇ ರಾಗ. ಗುರುವಿಗೇ ತಿರುಮಂತ್ರ. ತಲೆ ಯೋಚಿಸುವ ಮೊದಲೇ ಕೈ ವಿಧೇಯವಾಗಿ ಹಿಂದಕ್ಕೆ ಹೋಯಿತು. ದಾರ ಬೆನ್ನ ಹಿಂದೆ ಬಿಚ್ಚಿಕೊಳ್ಳತೊಡಗಿತು. ಕೈ ಹಳೆಯ ಚಾಳಿಯಂತೆ ಆಗಲೇ ಮುಂದಕ್ಕೆ ಬರಲು ತುಡಿಯಿತು.

"ತಡೀರಿ!"

ಇಡೀ ದಂಡೆ ಒಕ್ಕೊರಲಿನಿಂದ ಕೂಗಿತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಅವನ ಹೆಂಡತಿ. ಒಂದು ದಿನವೂ ತಾರಸಿ ಹತ್ತಿದವಳಲ್ಲ. ಕೆಳಗೆ ಅಡುಗೆಮನೆಯಲ್ಲಿ ನಿಂತು ಪ್ರತಿ ಬೆಳಗ್ಗೆಯೂ ಆ ಪಾಠ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಕನ್ನಡಕ ತಡೆದ.

"ಈಗ!" ಎಂದಳು.

ದಾರ ನಮ್ಮೆಲ್ಲರ ತಲೆಗಳ ಮೇಲಿಂದ ಸುಯ್ಯನೆ ಹೋಗಿ ನೆಟ್ಟಗೆ ಚಾಚಿಕೊಂಡಿತು. ನನ್ನ ದಿಂಬಿನ ಪುಕ್ಕ, ಅವಳ ಬಾಚಣಿಗೆಯ ಕೂದಲು, ಸದ್ದಿಲ್ಲದೆ ನೀರಿನ ಮೇಲೆ ಹೋಗಿ ಕೂತವು. ನೀರು ಒಮ್ಮೆ ಬಾಯಿ ಕಳೆದು ಮುಚ್ಚಿತು, ಕೋಲು ಬಾಗಿತು.

ಆಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಾಠ ಬೀಸುವುದಕ್ಕೇ ಮುಗಿದಿತ್ತು, ಸೋಪಿನ ಡಬ್ಬಿ ಯಾವತ್ತೂ ತಿರುಗಿ ಎಳೆದದ್ದಿಲ್ಲ. ಕನ್ನಡಕ ಕೋಲು ಹಿಡಿದುಕೊಂಡು ಹಿಂದುಹಿಂದಕ್ಕೆ ಓಡಿದ, ಷಡ್ಡಕನ ಕುರ್ಚಿ ಮಗುಚಿದ, ಹುಳಗಳಿಗೆಲ್ಲ ಬಿಡುಗಡೆಯಾಯಿತು. ಬೇಕರಿಯವನು ಮೊಣಕಾಲುದ್ದ ನೀರಿಗಿಳಿದು, ಬ್ರೆಡ್ಡು ತೆಗೆಯುವ ಹದದಲ್ಲೇ ಸಟ್ಟುಗ ತೂರಿಸಿ ಮೀನನ್ನು ಮೇಲೆತ್ತಿದ.

ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಸಟ್ಟುಗದ ಮೇಲೆ ಪಟಪಟನೆ ಕುಣಿಯುತ್ತಿತ್ತು. ಷಡ್ಡಕ ಪ್ಯಾಂಟಿನ ಮಣ್ಣು ಕೊಡವುತ್ತ ಬಂದು ಬಗ್ಗಿ ನೋಡಿದ.

"ಇಷ್ಟೇನಾ?"

"ಚಿಕ್ಕದೇ ಭಾವ," ಎಂದಳು ಕನ್ನಡಕನ ಹೆಂಡತಿ, ತಲೆ ಎತ್ತಿ. "ಆದ್ರೆ ಪೂರ್ತಿ ಇದೆ. ತಲೆಯಿಂದ ಬಾಲದವರೆಗೆ ನೋಡ್ಕೊಳ್ಳಿ, ಅರ್ಧ ಅಲ್ಲ."

ಅಕ್ಕ ಮೊದಲು ನಕ್ಕಳು, ಆಮೇಲೆ ದಂಡೆಯೆಲ್ಲ ನಕ್ಕಿತು. ಕನ್ನಡಕ ಮೀನನ್ನು ಮೆಲ್ಲಗೆ ಬಿಡಿಸಿ ನೀರಿಗೆ ಬಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು; ಕೆರೆಯ ನೀರು ಸಿಡಿದದ್ದೆಂದು ಹೇಳಿದ, ನಾವು ನಂಬಿದೆವು. ಆ ಸಂತೋಷದ ಭರದಲ್ಲಿ ಅವನಿಗೆ ಸತ್ಯ ಹೇಳುವ ಹುಕಿ ಬಂತು.

"ಅಮ್ಮಾ, ಎಲ್ಲರೂ ಕ್ಷಮಿಸಬೇಕು. ಇದು ಹೆಗಲಿನ ವ್ಯಾಯಾಮ ಅಲ್ಲ. ಮೊದಲಿಂದಲೂ ಮೀನು ಹಿಡಿಯೋದೇ. ಡಾಕ್ಟರು ಗೀಕ್ಟರು ಯಾರೂ ಇರಲಿಲ್ಲ."

ಮಾಲೀಕಮ್ಮ ಅವನನ್ನು ದಿಟ್ಟಿಸಿದರು. ಬಲಗೈ ಎತ್ತಿ, ನೆತ್ತಿಯ ಮೇಲಿಂದ ಬೆನ್ನವರೆಗೂ ಜಡೆ ನೇವರಿಸಿಕೊಂಡರು. "ಹಾಗಾದ್ರೆ ಇದೇನು, ಸುಳ್ಳಾ?" ಎಂದರು. ನಂತರ ಶಿಷ್ಯರ ಕಡೆ ತಿರುಗಿ, "ದೊಡ್ಡವರು ಯಾವತ್ತೂ ತಮ್ಮ ವಿದ್ಯೆನ ಹೀಗೇ ಮುಚ್ಚಿಡ್ತಾರೆ. ಮೀನು ಅನ್ನೋದು ಮುಂದಿನ ಪಾಠ, ಅಷ್ಟೇ," ಎಂದರು. ಎಲ್ಲರೂ ತಲೆಯಾಡಿಸಿದರು. ಅಧಿಕಾರಿಗಳು ಒದ್ದೆ ಟೋಪಿಯನ್ನು ಹಿಂಡುತ್ತ, ತಮಗೂ ಒಂದು ನೊಣ ಕಟ್ಟಿಕೊಡಬೇಕೆಂದು ಕೇಳಿಕೊಂಡರು.

ಮುಂದಿನ ಭಾನುವಾರ ಬೆಳಗ್ಗೆ ತಾರಸಿಗೆ ಹೋದರೆ, ಬಕೆಟ್ಟಿನ ಸಾಲಿನ ಕೊನೆಯಲ್ಲಿ ಷಡ್ಡಕ ಪೊರಕೆ ಹಿಡಿದು ನಿಂತಿದ್ದ. ಎಡ ಹೆಗಲಂತೆ. ದಾರ ಮೂರು ಸಲ ಅವನ ಕುತ್ತಿಗೆಗೇ ಸುತ್ತಿಕೊಂಡ ಮೇಲೆ, "ಸ್ವಲ್ಪ ಕೂರ್ತೀನಪ್ಪಾ," ಎಂದು ಸುತ್ತ ನೋಡಿದ. ಮೂಲೆಯಲ್ಲಿ ಕನ್ನಡಕನ ಸ್ಟೂಲಿತ್ತು, ನಾಲ್ಕೂ ಕಾಲಿನ ಮೇಲೆ. ನಾಲ್ಕನೆಯದನ್ನು ಕನ್ನಡಕ ಅಂದು ಬೆಳಗ್ಗೆಯಷ್ಟೇ ಅಂಟಿಸಿ, ಒಣಗಲೆಂದು ಬಿಸಿಲಿಗಿಟ್ಟಿದ್ದ.

"ತಡೀರಿ!" ಎಂದು ಇಡೀ ತಾರಸಿ ಒಟ್ಟಿಗೆ ಕೂಗಿತು.

ಏನು ಮಾಡುವುದು, ಅದು ಅವನ ಮೊದಲನೆಯ ಪಾಠ. ಷಡ್ಡಕ ತಡೆಯಲಿಲ್ಲ.